‘ಈ ವರ್ಷವಾದರೂ ಗೆಲ್ತೀವಾ ಸರ್?’: ಫಾರ್ಮುಲಾ ಒನ್ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿವೆ. ಮಾರ್ಚ್ 8ಕ್ಕೆ ಮೆಲ್ಬೋರ್ನ್‌ನಲ್ಲಿ ಫಾರ್ಮುಲಾ ಒನ್‌ನ 2026ರ ಸೀಸನ್ ಶುರು. ಕಾರು ಹೊಸದು, ಎಂಜಿನ್ ಹೊಸದು, ನಿಯಮವೂ ಹೊಸದು. ಹಾಗಾಗಿ ಆಸೆಯೂ ಜಾಸ್ತಿ, ಅಳುಕೂ ಜಾಸ್ತಿ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವತ್ತು ಬರೀ ರೇಸಿಂಗ್ ಮಾತಾಡೋಣ.

ಪ್ರಶ್ನೆ: ಶೂಮಾಕರ್ ಕಾಲದಿಂದ ನಾನು ಫೆರಾರಿ ಅಭಿಮಾನಿ. ಪ್ರತಿ ಫೆಬ್ರವರಿಯಲ್ಲೂ ‘ಈ ಸಲ ನಮ್ಮದೇ’ ಅಂತೀನಿ. ಜುಲೈ ಹೊತ್ತಿಗೆ ಟಿವಿ ಆಫ್ ಮಾಡಿ ಎದ್ದು ಹೋಗ್ತೀನಿ. ಈ ವರ್ಷವಾದರೂ ಗೆಲ್ತೀವಾ ಸರ್? ಆಸೆ ಇಟ್ಟುಕೊಳ್ಳಲಾ, ಬೇಡವಾ?

ಇಟ್ಟುಕೊಳ್ಳಿ. ಆದರೆ ಮೊದಲ ಮೂರು ರೇಸ್‌ಗಳ ಫಲಿತಾಂಶ ನೋಡಿ ಏನನ್ನೂ ತೀರ್ಮಾನ ಮಾಡಬೇಡಿ.

2022 ನೆನಪಿದೆ ಅಲ್ವಾ? ಅದೂ ಇದೇ ರೀತಿ ನಿಯಮ ಬದಲಾದ ವರ್ಷ. ಮೂರು ರೇಸ್ ಮುಗಿದಾಗ ಫೆರಾರಿಯ ಲೆಕ್ಲೆರ್ ಹತ್ತಿರ 71 ಅಂಕ, ರೆಡ್ ಬುಲ್‌ನ ವರ್ಸ್ಟಾಪೆನ್ ಹತ್ತಿರ 25. ಕೆಂಪು ಕಾರಿನ ಅಭಿಮಾನಿಗಳೆಲ್ಲ ಚಾಂಪಿಯನ್‌ಶಿಪ್ ಕೈಗೆ ಬಂದೇ ಬಿಟ್ಟಿತು ಅಂದುಕೊಂಡಿದ್ದರು. ವರ್ಷದ ಕೊನೆಗೆ ವರ್ಸ್ಟಾಪೆನ್ 454, ಲೆಕ್ಲೆರ್ 308. ಆ ಕಾರಿಗೆ ವೇಗ ಇರಲಿಲ್ಲವಾ? ಧಾರಾಳವಾಗಿತ್ತು. ಬಾರ್ಸಿಲೋನಾದಲ್ಲೂ ಬಾಕುವಿನಲ್ಲೂ ಮುಂದಿದ್ದಾಗಲೇ ಎಂಜಿನ್ ಕೈಕೊಟ್ಟಿತು. ಮೊನಾಕೊದಲ್ಲಿ ಟೈರ್ ಬದಲಿಸಲು ಪಿಟ್‌ಗೆ ಕರೆಯುವ ಲೆಕ್ಕ ತಪ್ಪಿತು. ಫ್ರಾನ್ಸ್‌ನಲ್ಲಿ ಮುಂದಿದ್ದ ಲೆಕ್ಲೆರ್ ಅವರೇ ಕಾರನ್ನು ಗೋಡೆಗೆ ಗುದ್ದಿದರು. ಅಷ್ಟರಲ್ಲಿ ರೆಡ್ ಬುಲ್ ತನ್ನ ಕಾರಿನ ತೂಕ ಇಳಿಸುತ್ತಾ, ಹೊಸ ಭಾಗ ಹಾಕುತ್ತಾ ಮುಂದೆ ಹೋಗಿಬಿಟ್ಟಿತ್ತು.

ಆದ್ದರಿಂದ ಫೆರಾರಿಯಿಂದ ನಾನು ಈ ವರ್ಷ ಕೇಳುವುದು ಇಷ್ಟು. ಕಾರು ರೇಸ್ ಮುಗಿಸಲಿ. ಪಿಟ್ ಗೋಡೆಯ ಬಳಿ ಕೂತು ತಂತ್ರ ಹೇಳುವವರು, ಅಪಘಾತವಾದಾಗ ಎಲ್ಲರ ವೇಗ ತಗ್ಗಿಸುವ ಸೇಫ್ಟಿ ಕಾರ್ ಬಂದರೆ ತಡಬಡಾಯಿಸದಿರಲಿ. ಜೂನ್ ತಿಂಗಳಲ್ಲಿ ಹಾಕುವ ಹೊಸ ಭಾಗಗಳು ಕಾರನ್ನು ನಿಜಕ್ಕೂ ವೇಗ ಮಾಡಲಿ. ಈ ಮೂರು ಸರಿಯಾದರೆ ಗೆಲುವು ದೂರವಿಲ್ಲ.

ಇನ್ನು ಫೆರಾರಿಯ ಇನ್ನೊಬ್ಬ ಡ್ರೈವರ್ ಹ್ಯಾಮಿಲ್ಟನ್. ಕಳೆದ ವರ್ಷ ಶಾಂಘೈನ ಸ್ಪ್ರಿಂಟ್, ಅಂದರೆ ಶನಿವಾರದ ಚಿಕ್ಕ ರೇಸ್, ಗೆದ್ದರು ನಿಜ. ಆದರೆ ಇಡೀ ವರ್ಷ ಒಂದು ಗ್ರ್ಯಾಂಡ್ ಪ್ರಿಯಲ್ಲೂ ಪೋಡಿಯಂ (ಮೊದಲ ಮೂರರೊಳಗಿನ ಸ್ಥಾನ) ಸಿಗಲಿಲ್ಲ. ಅದನ್ನು ನೋಡುವುದು ನನಗೂ ಕಷ್ಟವಾಗಿತ್ತು. ಆದರೂ ಅವರ ಮೇಲಿನ ನನ್ನ ನಂಬಿಕೆಗೆ ಒಂದು ಕಾರಣ ಇದೆ. ಅವರ 105 ಗೆಲುವುಗಳಲ್ಲಿ 103 ಬಂದದ್ದು 2021ರ ಒಳಗೆ. 2022ರಿಂದ 2025ರ ತನಕ ಇದ್ದ ಕಾರುಗಳು ನೆಲಕ್ಕೆ ಅಂಟಿಕೊಂಡು, ಗಟ್ಟಿ ಸಸ್ಪೆನ್ಷನ್ ಮೇಲೆ ಓಡುವಂಥವು. ಆ ನಾಲ್ಕು ವರ್ಷದಲ್ಲಿ ಅವರಿಗೆ ಸಿಕ್ಕಿದ್ದು ಎರಡೇ ಗೆಲುವು. ತಡವಾಗಿ ಬ್ರೇಕ್ ಒತ್ತಿ, ಕಾರನ್ನು ಬ್ರೇಕ್ ಮೇಲೇ ತಿರುಗಿಸುವ ಅವರ ಶೈಲಿಗೆ ಆ ಕಾರು ಒಗ್ಗಲೇ ಇಲ್ಲ. ಈಗ ಆ ಕಾರು ಹೋಯಿತು. ಹೊಸದು ಒಗ್ಗುತ್ತದೋ ಇಲ್ಲವೋ ಅನ್ನುವುದನ್ನು ಮೊದಲ ಕೆಲವು ಕ್ವಾಲಿಫೈಯಿಂಗ್‌ಗಳಲ್ಲಿ, ಅಂದರೆ ರೇಸ್‌ನ ಸ್ಟಾರ್ಟ್ ಜಾಗ ತೀರ್ಮಾನಿಸುವ ಓಟಗಳಲ್ಲಿ, ಲೆಕ್ಲೆರ್‌ಗಿಂತ ಎಷ್ಟು ಹಿಂದೆ ಅಥವಾ ಮುಂದೆ ಇದ್ದಾರೆ ಅಂತ ನೋಡಿ ತಿಳಿದುಕೊಳ್ಳಿ. ಅವರಿಬ್ಬರದು ಒಂದೇ ಕಾರು. ಅಲ್ಲಿ ನೆಪಕ್ಕೆ ಜಾಗವಿಲ್ಲ.

ಪ್ರಶ್ನೆ: ಸೀಸನ್‌ಗೆ ಮುಂಚಿನ ಟೆಸ್ಟಿಂಗ್‌ನಲ್ಲಿ ಮೊದಲು ಬಂದ ಟೀಮ್‌ಗೇ ಚಾಂಪಿಯನ್‌ಶಿಪ್ಪಾ? ಟೈಮಿಂಗ್ ಪಟ್ಟಿಯನ್ನು ಹೇಗೆ ಓದಬೇಕು?

ಈ ಪ್ರಶ್ನೆ ಕೇಳಿದವರಿಗೆ ನಿಜಕ್ಕೂ ಥ್ಯಾಂಕ್ಸ್. ಫೆಬ್ರವರಿಯ ಅರ್ಧ ನಿರಾಸೆ ಹುಟ್ಟುವುದೇ ಆ ಪಟ್ಟಿಯಿಂದ.

ಜನವರಿ ಕೊನೆಯ ವಾರದ ಬಾರ್ಸಿಲೋನಾ ಟೆಸ್ಟ್ ಬಾಗಿಲು ಹಾಕಿಕೊಂಡು ನಡೆಯುವಂಥದ್ದು. ಅಲ್ಲಿಂದ ತೇಲಿ ಬರುವ ಸಮಯಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಬಹ್ರೇನ್‌ನಲ್ಲಿ ಫೆಬ್ರವರಿ 11ರಿಂದ 13 ಮತ್ತು 18ರಿಂದ 20ರ ತನಕ ನಡೆಯುವುದನ್ನು ನೋಡಿ. ಅಲ್ಲೂ ಮೊದಲ ಸಾಲಿನ ಹೆಸರನ್ನು ಬಿಟ್ಟುಬಿಡಿ. ಕಾರಿನಲ್ಲಿ 10 ಕೆ.ಜಿ. ಇಂಧನ ಜಾಸ್ತಿ ಇದ್ದರೆ ಒಂದು ಲ್ಯಾಪ್‌ಗೆ ಹೆಚ್ಚುಕಡಿಮೆ 0.3 ಸೆಕೆಂಡ್ ನಷ್ಟ. ಯಾರು ಎಷ್ಟು ಇಂಧನ ತುಂಬಿಸಿದ್ದಾರೆ ಅನ್ನುವುದು ಆ ಗರಾಜ್ ಬಿಟ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಜೊತೆಗೆ ಮೆತ್ತನೆ ಟೈರಾ, ಗಟ್ಟಿ ಟೈರಾ, ಎಂಜಿನ್‌ನ ಪೂರ್ತಿ ಶಕ್ತಿ ಬಿಟ್ಟಿದ್ದಾರಾ ಅನ್ನುವ ಲೆಕ್ಕ ಬೇರೆ.

ನಾನು ನೋಡುವುದು ಉದ್ದದ ಓಟಗಳನ್ನು. ಒಬ್ಬ ಡ್ರೈವರ್ ಹೊರಗೆ ಬಂದು ಬಿಡದೆ 15 ಲ್ಯಾಪ್ ಓಡಿಸುತ್ತಾನೆ ಅಂದುಕೊಳ್ಳಿ. ಅವನ ಒಂದೊಂದು ಲ್ಯಾಪ್‌ನ ಸಮಯವನ್ನೂ ಕಾಗದದ ಮೇಲೆ ಒಂದರ ಕೆಳಗೊಂದು ಬರೆಯಿರಿ. 1:37.2, 37.3, 37.2, 37.3, 37.4 ಅಂತ ಸಾಗಿದರೆ ಒಳ್ಳೆಯ ಕಾರು. ಟೈರ್ ಸವೆಯುತ್ತಿದೆ, ಆದರೆ ಇಂಧನ ಖಾಲಿಯಾಗಿ ಕಾರು ಹಗುರಾಗುವುದೂ ಅದಕ್ಕೆ ಸರಿದೂಗುತ್ತಿದೆ. 1:36.8ರಲ್ಲಿ ಶುರುವಾಗಿ ಐದೇ ಲ್ಯಾಪ್‌ಗೆ 38ಕ್ಕೆ ಜಾರಿದರೆ ಆ ಕಾರು ಟೈರ್ ತಿನ್ನುತ್ತದೆ. ಭಾನುವಾರ ಅದಕ್ಕೆ ಕಷ್ಟ. ಹೀಗೆ ಬರೆದ ಕಾಗದಗಳು ನನ್ನ ಮೇಜಿನ ಡ್ರಾಯರ್‌ನಲ್ಲಿ ಕಟ್ಟುಗಟ್ಟಲೆ ಇವೆ. ಯಾವ ಪಂಡಿತರ ಭವಿಷ್ಯಕ್ಕಿಂತಲೂ ನಾನು ಅವನ್ನೇ ನಂಬುತ್ತೇನೆ.

ಇನ್ನೊಂದು, ದಿನಕ್ಕೆ ಎಷ್ಟು ಲ್ಯಾಪ್ ಓಡಿತು ಅನ್ನುವುದು. ಎಂಜಿನ್ ನಿಯಮ ಬದಲಾದ ವರ್ಷ ಇದು ಎಲ್ಲಕ್ಕಿಂತ ಮುಖ್ಯ. 2014ರಲ್ಲಿ ಹೆರೆಜ್‌ನ ಮೊದಲ ಟೆಸ್ಟ್‌ನಲ್ಲಿ ಮರ್ಸಿಡಿಸ್ ನಾಲ್ಕು ದಿನಕ್ಕೆ 300 ಲ್ಯಾಪ್ ದಾಟಿತು. ಸತತ ನಾಲ್ಕು ವರ್ಷ ಚಾಂಪಿಯನ್ ಆಗಿದ್ದ ರೆಡ್ ಬುಲ್ ಓಡಿಸಿದ್ದು 21. ಆ ವರ್ಷದ 19 ರೇಸ್‌ಗಳಲ್ಲಿ 16 ಮರ್ಸಿಡಿಸ್ ಪಾಲಾದವು. ಹಿಂದಿನ ವರ್ಷ ಎಲ್ಲರನ್ನೂ ಬಡಿದಿದ್ದ ರೆಡ್ ಬುಲ್‌ನ ವೆಟೆಲ್ ಒಂದೂ ಗೆಲ್ಲಲಿಲ್ಲ.

ಹಾಗಂತ ಪಟ್ಟಿ ಯಾವಾಗಲೂ ಸುಳ್ಳು ಅಂತಲೂ ಅಲ್ಲ. 2009ರಲ್ಲಿ ಹೋಂಡಾ ಬಿಟ್ಟುಹೋದ ಟೀಮನ್ನು ರಾಸ್ ಬ್ರಾನ್ ವಹಿಸಿಕೊಂಡರು. ಟೆಸ್ಟಿಂಗ್‌ಗೆ ತಡವಾಗಿ ಬಂದ ಆ ಬಿಳಿ ಕಾರು ಬಂದ ಕೂಡಲೇ ಎಲ್ಲರಿಗಿಂತ ವೇಗವಾಗಿ ಓಡಿತು. ಪ್ರಾಯೋಜಕರನ್ನು ಸೆಳೆಯೋಕೆ ಇಂಧನ ಕಡಿಮೆ ಹಾಕಿ ಓಡಿಸ್ತಿದ್ದಾರೆ ಅಂತ ಎಷ್ಟೋ ಜನ ಅಂದರು. ಅದರ ಡ್ರೈವರ್ ಬಟನ್ ಮೊದಲ ಏಳು ರೇಸ್‌ಗಳಲ್ಲಿ ಆರು ಗೆದ್ದರು, ಚಾಂಪಿಯನ್ನೂ ಆದರು.

ಪ್ರಶ್ನೆ: ಅರ್ಧ ಕರೆಂಟ್‌ನಲ್ಲಿ ಓಡುವ ಕಾರು, ಓವರ್‌ಟೇಕ್ ಮಾಡಲು ಹಿಂದಿನ ರೆಕ್ಕೆ ತೆರೆಯುವ ಡಿಆರ್‌ಎಸ್ಸೂ ಇಲ್ಲ. ಇದೂ ರೇಸಿಂಗಾ ಸರ್? ನನಗಂತೂ ಆಸಕ್ತಿಯೇ ಹೋಗಿದೆ.

ಒಂದು ರೇಸ್ ನೋಡಿ, ಆಮೇಲೆ ಬಿಡಿ. ನಿಮ್ಮ ಚಿಂತೆಯಲ್ಲಿ ಅರ್ಧ ನನ್ನದೂ ಹೌದು.

ಎಲೆಕ್ಟ್ರಿಕ್ ಮೋಟಾರಿನ ಶಕ್ತಿ 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿದೆ. ಪೆಟ್ರೋಲ್ ಎಂಜಿನ್‌ನ ಪಾಲು ಸುಮಾರು 400 ಕಿಲೋವ್ಯಾಟ್‌ಗೆ ಇಳಿದಿದೆ. ತೊಂದರೆ ಇರುವುದು ಬ್ಯಾಟರಿಯಲ್ಲಿ. ಪೂರ್ತಿ ಶಕ್ತಿಯಲ್ಲಿ ಎಳೆದರೆ ಅದು ಬೇಗ ಖಾಲಿ. ಮತ್ತೆ ತುಂಬಿಸಲು ಬ್ರೇಕ್ ಒತ್ತುವ ತಿರುವುಗಳು ಬೇಕು. ಮೊಂಜಾದಂಥ ಜಾಗದಲ್ಲಿ ನೇರ ರಸ್ತೆ ಜಾಸ್ತಿ, ತಿರುವು ಕಡಿಮೆ. ಅಲ್ಲಿ ರಸ್ತೆ ಮುಗಿಯುವ ಮೊದಲೇ ಕರೆಂಟ್ ಮುಗಿದು, ಡ್ರೈವರ್ ಮುಂಚೆಯೇ ಕಾಲು ತೆಗೆಯಬೇಕಾದರೆ? ಪೂರ್ತಿ ವೇಗದಲ್ಲಿ ತಿರುವಿಗೆ ನುಗ್ಗುವುದನ್ನು ನೋಡಲೆಂದೇ ನಾವು ಕೂರುವುದು. ಅದು ಕಮ್ಮಿಯಾದರೆ ನನಗೂ ಬೇಜಾರೇ.

ಆದರೆ ಅದೇ ಬ್ಯಾಟರಿಯಿಂದ ಒಂದು ಒಳ್ಳೆಯದೂ ಆಗಬಹುದು. ಡಿಆರ್‌ಎಸ್ ಇದ್ದಾಗ ಓವರ್‌ಟೇಕ್ ಎಲ್ಲಿ ಆಗುತ್ತದೆ ಅಂತ ಮೊದಲೇ ಗೊತ್ತಿರುತ್ತಿತ್ತು. ರೆಕ್ಕೆ ತೆರೆಯಿತು, ದಾಟಿದ, ಮುಗಿಯಿತು. ಈಗ ನೇರ ರಸ್ತೆಗಳಲ್ಲಿ ಮುಂದಿನ, ಹಿಂದಿನ ಎರಡೂ ರೆಕ್ಕೆಗಳು ಎಲ್ಲರಿಗೂ ತೆರೆಯುತ್ತವೆ. ಮುಂದಿನವನಿಗೆ ಒಂದು ಸೆಕೆಂಡ್ ಹತ್ತಿರ ಇದ್ದವನಿಗೆ ಸಿಗುವುದು ಹೆಚ್ಚಿನ ಕರೆಂಟ್. ಅದನ್ನು ಎಲ್ಲಿ ಖರ್ಚು ಮಾಡಬೇಕು ಅನ್ನುವುದು ಅವನ ಲೆಕ್ಕ. ಮುಂದಿನವನ ಬ್ಯಾಟರಿ ಖಾಲಿಯಾದ ಜಾಗ ಹುಡುಕಿ ನುಗ್ಗಬಹುದು. ಯಾರೂ ಎಣಿಸದ ತಿರುವಿನಲ್ಲಿ ಓವರ್‌ಟೇಕ್ ಆಗಬಹುದು. ಟೈರ್ ಉಳಿಸಿ ಓಡಿಸುವವರ ಜಾಣತನ ನಾವು ನೋಡಿದ್ದೇವೆ, ಕರೆಂಟ್ ಉಳಿಸಿ ಓಡಿಸುವವರದ್ದನ್ನೂ ನೋಡೋಣ.

ಕಾರು ಸಣ್ಣದಾಗಿರುವುದಂತೂ ನನಗೆ ಬಹಳ ಖುಷಿ. ಅಗಲ 10 ಸೆಂ.ಮೀ. ಕಡಿಮೆ, ಚಕ್ರಗಳ ನಡುವಿನ ಉದ್ದ 20 ಸೆಂ.ಮೀ. ಕಡಿಮೆ. ಕನಿಷ್ಠ ತೂಕ 768 ಕೆ.ಜಿ., ಅಂದರೆ ಸುಮಾರು 30 ಕೆ.ಜಿ. ಇಳಿದಿದೆ. ಇನ್ನೂ ಇಳಿಯಬೇಕಿತ್ತು, ಆದರೂ ದಿಕ್ಕು ಸರಿಯಾಗಿದೆ.

ಪ್ರಶ್ನೆ: ನ್ಯೂಯಿ ಅವರ ಕಾರು, ಹೋಂಡಾ ಎಂಜಿನ್, ಅಲೊನ್ಸೊ ಸ್ಟಿಯರಿಂಗ್. ಆಸ್ಟನ್ ಮಾರ್ಟಿನ್ ಮೊದಲ ರೇಸ್‌ನಿಂದಲೇ ಗೆಲ್ಲುತ್ತದೆ ಅಂತ ಗೆಳೆಯರ ಹತ್ತಿರ ಪಂತ ಕಟ್ಟಿದ್ದೇನೆ.

ಪಂತ ವಾಪಸ್ ತಗೊಳ್ಳಿ. ಹೆಸರುಗಳ ಬಗ್ಗೆ ನನ್ನ ತಕರಾರಿಲ್ಲ. ಏಡ್ರಿಯನ್ ನ್ಯೂಯಿ ವಿಲಿಯಮ್ಸ್, ಮೆಕ್‌ಲಾರೆನ್, ರೆಡ್ ಬುಲ್ ಮೂರೂ ಕಡೆ ಚಾಂಪಿಯನ್ ಕಾರು ಮಾಡಿದವರು. ಆದರೆ 2015ರಲ್ಲೂ ಹೀಗೇ ದೊಡ್ಡ ಹೆಸರುಗಳು ಸೇರಿದ್ದವು. ಮೆಕ್‌ಲಾರೆನ್ ಮತ್ತು ಹೋಂಡಾ 1988ರಲ್ಲಿ 16ರಲ್ಲಿ 15 ರೇಸ್ ಗೆದ್ದ ಜೋಡಿ. ಮತ್ತೆ ಒಂದಾದಾಗ ಆ ದಿನಗಳೇ ಮರಳಿ ಬರುತ್ತವೆ ಅಂತ ಎಲ್ಲರೂ ಕಾದರು. ವರ್ಷವಿಡೀ ಸಿಕ್ಕಿದ್ದು 27 ಅಂಕ, ಒಂಬತ್ತನೇ ಸ್ಥಾನ. ಆ ಕಾರಿನಲ್ಲಿ ಕೂತು ಒದ್ದಾಡಿದ್ದು ಇದೇ ಅಲೊನ್ಸೊ.

ಹೋಂಡಾ ಆಮೇಲೆ ಕಲಿತು ವರ್ಸ್ಟಾಪೆನ್‌ಗೆ ಚಾಂಪಿಯನ್‌ಶಿಪ್ ಗೆಲ್ಲಿಸಿಕೊಟ್ಟಿತು, ನಿಜ. ಆದರೆ 2021ರ ಕೊನೆಗೆ ಬಿಡ್ತೀವಿ ಅಂತ ಹೇಳಿ, 2023ರಲ್ಲಿ ಮತ್ತೆ ಬರ್ತೀವಿ ಅಂದ ಕಂಪನಿ ಅದು. ಆ ನಡುವಿನ ಹೊತ್ತನ್ನು ಉಳಿದವರು ಸುಮ್ನೆ ಕಳೆದಿರುವುದಿಲ್ಲ. ಅಲೊನ್ಸೊ ಕೊನೆಯ ಸಲ ಗೆದ್ದದ್ದು 2013ರಲ್ಲಿ, ಸ್ಪೇನ್‌ನಲ್ಲಿ. ಈಗ ಅವರಿಗೆ 44. ಇನ್ನೊಂದು ಗೆಲುವು ಅವರಿಗೆ ಸಿಗಲಿ ಅಂತ ನಾನು ಮನಸಾರೆ ಬಯಸುತ್ತೇನೆ. ಮೊದಲ ತಿಂಗಳುಗಳಲ್ಲಿ ಮಾತ್ರ ಅದನ್ನು ಕೇಳಬೇಡಿ.

ಪ್ರಶ್ನೆ: ಹೊಸದಾಗಿ ಬಂದ ಕ್ಯಾಡಿಲಾಕ್ ಈ ವರ್ಷ ಅಂಕ ಗಳಿಸುತ್ತಾ?

ಒಂದೆರಡು ಸಿಕ್ಕರೂ ಅದು ದೊಡ್ಡ ಸಾಧನೆ. 2010ರಲ್ಲಿ ಮೂರು ಹೊಸ ಟೀಮ್ ಬಂದವು. ಆ ವರ್ಷ ಮೂರಕ್ಕೂ ಒಂದೇ ಒಂದು ಅಂಕ ಸಿಗಲಿಲ್ಲ. ಇನ್ನೊಂದು ಕಡೆ, 2016ರಲ್ಲಿ ಹಾಸ್ ತನ್ನ ಮೊದಲ ರೇಸ್‌ನಲ್ಲೇ ಆರನೇ ಸ್ಥಾನ ಪಡೆಯಿತು. ಆದರೆ ಅದರ ಕಾರಿನಲ್ಲಿ ಫೆರಾರಿಯಿಂದ ಕೊಂಡ ಭಾಗಗಳು ತುಂಬಾ ಇದ್ದವು. ಕ್ಯಾಡಿಲಾಕ್‌ನ ಡ್ರೈವರ್‌ಗಳಾದ ಪೆರೆಜ್, ಬೊಟ್ಟಾಸ್ ಇಬ್ಬರೂ ರೇಸ್ ಗೆದ್ದು ಪಳಗಿದವರು. ಕಾರಿನಲ್ಲಿ ಏನು ಸರಿಯಿಲ್ಲ ಅಂತ ಬಿಡಿಸಿ ಹೇಳಬಲ್ಲವರು. ಮೊದಲ ವರ್ಷಕ್ಕೆ ಅದೇ ಬೇಕಿರುವುದು.

ಪ್ರಶ್ನೆ: ನನ್ನ ಹತ್ತು ವರ್ಷದ ಮಗಳು ಈಗಷ್ಟೇ ನೋಡಲು ಶುರು ಮಾಡಿದ್ದಾಳೆ. ಯಾರ ಅಭಿಮಾನಿಯಾಗಲಿ ಅಂತ ಕೇಳ್ತಾಳೆ. ಗೆಲ್ಲುವವರ ಹೆಸರು ಹೇಳಿದರೆ ಸಾಕಾ?

ಬೇಡ ಅಮ್ಮ, ಅವಳೇ ಆರಿಸಿಕೊಳ್ಳಲಿ. ಕಳೆದ ವರ್ಷದ ಸಿಲ್ವರ್‌ಸ್ಟೋನ್ ರೇಸ್ ಅವಳಿಗೆ ತೋರಿಸಿ. ಮಳೆ ಬಿದ್ದು ಒದ್ದೆಯಾದ ಟ್ರ್ಯಾಕ್. ನಿಕೊ ಹಲ್ಕನ್‌ಬರ್ಗ್ 19ನೇ ಜಾಗದಿಂದ ಹೊರಟು ಮೂರನೆಯವರಾಗಿ ಬಂದರು. ಅದು ಅವರ 239ನೇ ರೇಸ್, ಅವರ ಮೊದಲ ಪೋಡಿಯಂ. ಅಲ್ಲಿ ಕೊಟ್ಟ ಟ್ರೋಫಿ ಲೆಗೋ ಇಟ್ಟಿಗೆಯಲ್ಲಿ ಮಾಡಿದ್ದು. ಮಗಳಿಗೆ ಖಂಡಿತ ಇಷ್ಟವಾಗುತ್ತದೆ. ಅವರ ಟೀಮ್ ಈ ವರ್ಷದಿಂದ ಔಡಿ.

ಪ್ರಶ್ನೆ: ಸುತ್ತಿಬಳಸದೆ ಹೇಳಿ. ಚಾಂಪಿಯನ್ ಯಾರು?

ಹೇಳುವುದಿಲ್ಲ. ಕಳೆದ ಆಗಸ್ಟ್ ಕೊನೆಯಲ್ಲಿ, ಝಾಂಡ್‌ವೋರ್ಟ್ ರೇಸ್ ಮುಗಿದಾಗ, ಮೆಕ್‌ಲಾರೆನ್‌ನ ಪಿಯಾಸ್ಟ್ರಿ ತಮ್ಮದೇ ಟೀಮಿನ ನಾರಿಸ್‌ಗಿಂತ 34 ಅಂಕ ಮುಂದಿದ್ದರು. ವರ್ಸ್ಟಾಪೆನ್‌ಗಿಂತ 104 ಮುಂದೆ. ಡಿಸೆಂಬರ್‌ನಲ್ಲಿ ನಾರಿಸ್ 423, ವರ್ಸ್ಟಾಪೆನ್ 421, ಪಿಯಾಸ್ಟ್ರಿ 410. ಆಗಸ್ಟ್‌ನಲ್ಲೇ ಗೊತ್ತಾಗದ ಉತ್ತರವನ್ನು ರೇಸ್ ಶುರುವಾಗುವ ಮೊದಲೇ ಹೇಳಲು ನಾನು ತಯಾರಿಲ್ಲ.

ಪ್ರಶ್ನೆ: ಮೆಲ್ಬೋರ್ನ್‌ನಲ್ಲಿ ತಪ್ಪದೆ ನೋಡಬೇಕಾದ್ದು ಯಾವುದು?

ರೇಸ್‌ನ ಸ್ಟಾರ್ಟ್. ಟರ್ಬೊಗೆ ಜೋಡಿಸಿದ್ದ ಎಲೆಕ್ಟ್ರಿಕ್ ಮೋಟಾರನ್ನು ಈ ವರ್ಷದಿಂದ ತೆಗೆದಿದ್ದಾರೆ. ಎಕ್ಸಾಸ್ಟ್ ಗಾಳಿ ಕಡಿಮೆ ಇದ್ದಾಗಲೂ ಟರ್ಬೊ ತಿರುಗುತ್ತಲೇ ಇರುವಂತೆ ಅದು ನೋಡಿಕೊಳ್ಳುತ್ತಿತ್ತು. ಈಗ ಡ್ರೈವರ್ ಎಂಜಿನ್ ಮೊರೆಸಿ ಟರ್ಬೊವನ್ನು ಸಿದ್ಧ ಮಾಡಿಟ್ಟುಕೊಂಡು, ದೀಪ ಆರಿದ ಕ್ಷಣಕ್ಕೆ ಸರಿಯಾಗಿ ಕ್ಲಚ್ ಬಿಡಬೇಕು. ಸ್ವಲ್ಪ ಆಚೀಚೆಯಾದರೂ ಕಾರು ನಿಂತಲ್ಲೇ ತಡವರಿಸುತ್ತದೆ. 22 ಕಾರು, ಐದು ಬಗೆಯ ಎಂಜಿನ್. ಯಾರ ಸ್ಟಾರ್ಟ್ ಚೆನ್ನಾಗಿದೆ ಅಂತ ಬರೆದಿಟ್ಟುಕೊಳ್ಳಿ. ಶಾಂಘೈನಲ್ಲಿ ಒಂದು ವಾರದ ನಂತರ ಅದೇ ಎಂಜಿನ್‌ಗಳನ್ನು ಮತ್ತೆ ನೋಡಿ. ಎರಡೂ ಕಡೆ ಒಂದೇ ಟೀಮ್ ಎಡವಿದರೆ ಅದರ ಎಂಜಿನ್‌ನವರಿಗೆ ಕೆಲಸ ಬಾಕಿ ಇದೆ ಅಂತ ಅರ್ಥ. ನೀವು ಬರೆದುಕೊಂಡಿದ್ದನ್ನು ನನಗೆ ಕಳಿಸಿ, ಏಪ್ರಿಲ್ ಸಂಚಿಕೆಯಲ್ಲಿ ಅದರ ಬಗ್ಗೆಯೇ ಮಾತಾಡೋಣ.