1935ರ ಪೇಪರ್ ಒಂದನ್ನೇ ತೋರಿಸಿ ಪಿಟಿ ರೀಜೆಂಟ್ ಪೇಟೆಂಟ್ ಬೀಳಿಸಬಹುದಾ?

ಆಗಲ್ಲ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಅಳೆಯುವ ಪ್ರೋಥ್ರಾಂಬಿನ್ ಟೈಮ್ (ಪಿಟಿ) ಪರೀಕ್ಷೆಯನ್ನು ಅಮೆರಿಕದ ವೈದ್ಯ ಆರ್ಮಂಡ್ ಕ್ವಿಕ್ 1935ರ ಪೇಪರ್‌ನಲ್ಲೇ ಕೊಟ್ಟಿದ್ದಾರೆ, ಹಾಗಾದರೆ ರೀಕಾಂಬಿನಂಟ್ (ಕ್ಲೋನ್ ಮಾಡಿದ ಜೀನ್‌ನಿಂದ ತಯಾರಿಸಿದ) ಟಿಷ್ಯೂ ಫ್ಯಾಕ್ಟರ್ ಅನ್ನೋ ಹೆಪ್ಪುಗಟ್ಟಿಸುವ ಪ್ರೋಟೀನ್ ಇರುವ ರೀಜೆಂಟ್, ಅಂದರೆ ಪರೀಕ್ಷೆಗೆ ಹಾಕುವ ದ್ರವದ ಮೇಲಿನ ಅಮೆರಿಕದ ಪೇಟೆಂಟ್ ನಿಲ್ಲುವುದು ಹೇಗೆ ಅಂತ ತಾನೇ ನಿಮ್ಮ ಪ್ರಶ್ನೆ? ಬೆಂಗಳೂರಲ್ಲಿ ಕೂತು ಇಂಥ ಕೇಸ್‌ಗಳಿಗೆ ಪ್ರಯರ್ ಆರ್ಟ್ (ಪೇಟೆಂಟ್ ಅರ್ಜಿಗೆ ಮೊದಲೇ ಹೊರಗೆ ಗೊತ್ತಿದ್ದದ್ದರ ದಾಖಲೆ) ಹುಡುಕುವುದೇ ನನ್ನ ಕೆಲಸ, ಅದಕ್ಕೇ ಉತ್ತರಿಸುತ್ತಿದ್ದೇನೆ.

ಹೊಸತನ ಇಲ್ಲ ಅಂತ ವಾದಿಸಬೇಕಾದರೆ ಕ್ಲೈಮ್‌ನ (ಪೇಟೆಂಟ್ ಯಾವುದರ ಮೇಲೆ ಹಕ್ಕು ಕೇಳುತ್ತದೆ ಅಂತ ಹೇಳುವ ವಾಕ್ಯದ) ಪ್ರತಿ ಅಂಶವೂ ಒಂದೇ ದಾಖಲೆಯಲ್ಲಿ ಸಿಗಬೇಕು. ಹಳೇ ರೀಜೆಂಟ್ ಮೊಲದ ಮಿದುಳಿನ ಸಾರ. ಅದರಲ್ಲಿ ಟಿಷ್ಯೂ ಫ್ಯಾಕ್ಟರ್ ಜೊತೆ ಫಾಸ್ಫೋಲಿಪಿಡ್ ಅನ್ನೋ ಕೊಬ್ಬಿನಂಶ ತಾನಾಗಿಯೇ ಇರುತ್ತದೆ, ಪೇಪರ್ ಬರೆದವರು ಹೇಳದಿದ್ದರೂ ಸರಿ, ಆ ಅಂಶ ಸಿಕ್ಕ ಹಾಗೇ. ಆದರೆ ಮನುಷ್ಯರ ಟಿಷ್ಯೂ ಫ್ಯಾಕ್ಟರ್ ಜೀನ್ ಕ್ಲೋನ್ ಆಗಿದ್ದೇ 1987ರ ಹೊತ್ತಿಗೆ. 'ರೀಕಾಂಬಿನಂಟ್' ಅನ್ನೋ ಪದ ಕ್ಲೈಮ್‌ನಲ್ಲಿದ್ದರೆ 1935ರ ಪೇಪರ್ ಅಲ್ಲೇ ಔಟ್.

ಉಳಿಯುವುದು ಆಬ್ವಿಯಸ್‌ನೆಸ್ ವಾದ, ಅಂದರೆ ಆ ಕ್ಷೇತ್ರ ಬಲ್ಲವರಿಗೆ ಇದು ಸಹಜವಾಗಿಯೇ ಹೊಳೆಯುತ್ತಿತ್ತು ಅನ್ನೋದು. ಇಲ್ಲಿ ಎರಡು ಮೂರು ದಾಖಲೆ ಜೋಡಿಸಬಹುದು, ಆದರೆ ಜೋಡಿಸೋಕೆ ಕಾರಣ ತೋರಿಸಬೇಕು. ಕಾರಣಕ್ಕೆ ಕೊರತೆಯಿಲ್ಲ: 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐಎನ್ಆರ್ ಪದ್ಧತಿ (ಎಲ್ಲ ಲ್ಯಾಬ್‌ಗಳ ಪಿಟಿ ಫಲಿತಾಂಶವನ್ನು ಒಂದೇ ಅಳತೆಗೆ ತರುವುದು) ಶಿಫಾರಸು ಮಾಡಿದ ಮೇಲೆ ಐಎಸ್ಐ, ಅಂದರೆ ರೀಜೆಂಟ್‌ನ ಸೂಕ್ಷ್ಮತೆಯ ಅಂಕಿ, 1ರ ಹತ್ತಿರ ಇರುವ ರೀಜೆಂಟ್ ಬೇಕು ಅಂತ ಲ್ಯಾಬ್‌ಗಳಿಗೆ ಅನ್ನಿಸಿದ್ದು ಸಹಜ, ಬರೀ ಪ್ರೋಟೀನ್ ಇದ್ದರೆ ಸಾಲದು, ಫಾಸ್ಫಟೈಡಿಲ್‌ಸೀರಿನ್ ಥರದ ಲಿಪಿಡ್ ಸೇರಿಸಬೇಕು ಅನ್ನೋದೂ ಆಗಲೇ ಗೊತ್ತಿತ್ತು. ಎದುರು ಪಕ್ಷದವರು, ಅಂದರೆ ಪೇಟೆಂಟ್ ಹಿಡಿದವರು, ಸುಮ್ನೆ ಬಿಡುತ್ತಾರಾ? ಇದು ಕೆಲಸ ಮಾಡುತ್ತೆ ಅಂತ ಆಗ ಯಾರಿಗೆ ಭರವಸೆ ಇತ್ತು ಅಂತ ಕೇಳೇ ಕೇಳುತ್ತಾರೆ.

ನನ್ನ ಟೈಮ್ ಜಾಸ್ತಿ ಹೋಗೋದು ಅಂಕಿಗಳಲ್ಲಿ. ಪೇಪರ್‌ನಲ್ಲಿ ಲಿಪಿಡ್ ತೂಕದಲ್ಲಿರುತ್ತದೆ, ಕ್ಲೈಮ್‌ನಲ್ಲಿ ಮೋಲಾರ್ ಅನುಪಾತ (ಅಣುಗಳ ಎಣಿಕೆಯ ಲೆಕ್ಕ). ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಂ ಅಂತೂ ರೀಜೆಂಟ್‌ನಲ್ಲಿ ಎಷ್ಟು, ಪ್ಲಾಸ್ಮಾ ಸೇರಿದ ಮೇಲೆ ಎಷ್ಟು ಅಂತ ಬೇರೆ ಬೇರೆ ನೋಡಲೇಬೇಕು, 0.1 ಮಿಲಿ ಪ್ಲಾಸ್ಮಾಗೆ 0.2 ಮಿಲಿ ರೀಜೆಂಟ್ ಹಾಕಿದರೆ 12.5 ಮಿಲಿಮೋಲಾರ್ ಇದ್ದದ್ದು ಸುಮಾರು 8.3 ಆಗುತ್ತದೆ, ಕ್ಲೈಮ್ ಯಾವುದನ್ನು ಹೇಳುತ್ತಿದೆ ಅನ್ನೋದರ ಮೇಲೇ ಕೇಸ್ ತಿರುಗಬಹುದು.

ಜರ್ನಲ್ ಮಾತ್ರ ನೋಡಬೇಡಿ. ಕಿಟ್ ಡಬ್ಬದೊಳಗಿನ ಮಡಚಿದ ಇನ್ಸರ್ಟ್ (ಬಳಕೆಯ ಸೂಚನಾ ಪತ್ರ) ನನಗೆ ತುಂಬಾ ಇಷ್ಟದ ದಾಖಲೆ, ಮೂಲೆಯಲ್ಲಿ ಪರಿಷ್ಕರಣೆಯ ದಿನಾಂಕ ಇದ್ದರೆ ಸಾಕು, ಆದರೆ ಆ ದಿನಾಂಕಕ್ಕೆ ಅದು ಗ್ರಾಹಕರ ಕೈಗೆ ಹೋಗಿತ್ತು ಅಂತ ಬೇರೆಯೇ ಸಾಕ್ಷಿ ಬೇಕು. ಥೀಸಿಸ್ ಕೂಡ ನಡೆಯುತ್ತದೆ: ಜರ್ಮನಿಯ ಫ್ರೈಬರ್ಗ್ ವಿವಿ ಲೈಬ್ರರಿಯ ಕ್ಯಾಟಲಾಗ್‌ನಲ್ಲಿದ್ದ ಒಂದು ಪ್ರಬಂಧವನ್ನು ಅಮೆರಿಕದ ಕೋರ್ಟ್ 1986ರಲ್ಲಿ ಪ್ರಕಟಣೆ ಅಂತಲೇ ಒಪ್ಪಿತು. ಇನ್ನು ಪೇಟೆಂಟ್ ಕೇಳಿದವರೇ ಅರ್ಜಿಗೆ ಒಂದು ವರ್ಷಕ್ಕಿಂತ ಮೊದಲು ಆ ರೀಜೆಂಟನ್ನು ಮಾರಿದ್ದರೆ, ಒಳಗೇನಿದೆ ಅಂತ ಗುಟ್ಟಾಗಿಟ್ಟಿದ್ದರೂ ಅವರಿಗೇ ಕುತ್ತು. ಅಮೆರಿಕದ ಸುಪ್ರೀಂ ಕೋರ್ಟ್‌ನ 2019ರ ಹೆಲ್ಸಿನ್ ತೀರ್ಪು ಓದಿ.

ಮೊದಲು ಕ್ಲೈಮ್ 1 ಮತ್ತು ಪ್ರಯಾರಿಟಿ ದಿನಾಂಕ (ಹೊಸತನವನ್ನು ಅಳೆಯಲು ಲೆಕ್ಕಕ್ಕೆ ಹಿಡಿಯುವ ಮೊದಲ ಅರ್ಜಿಯ ದಿನ) ಬರೆದಿಟ್ಟುಕೊಳ್ಳಿ, ಹುಡುಕಾಟ ಆಮೇಲೆ.