ಮೊಟಕುಗೊಳಿಸಬೇಕಾದ್ದು ಅಹವಾಲು ಸಭೆಯನ್ನಲ್ಲ

ಮಾನ್ಯರೇ,

ಗಣಿ, ಹೆದ್ದಾರಿ, ಅಣೆಕಟ್ಟುಗಳಿಗೆ ಪರಿಸರ ಅನುಮತಿ ತಡವಾಗಲು ಸಾರ್ವಜನಿಕ ಅಹವಾಲು ಸಭೆಗಳೇ ಕಾರಣ, ಕಾನೂನು ತಿದ್ದಿ ಅವನ್ನು ಮೊಟಕುಗೊಳಿಸಬಾರದೇಕೆ ಎಂದು ಕೇಳಿದ್ದೀರಿ. ಕಾನೂನು ಬದಲಾಗಬೇಕು, ನಿಜ. ಆದರೆ ಕತ್ತರಿ ಹಾಕಬೇಕಾದ ಜಾಗ ಅದಲ್ಲ.

2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯಂತೆ, ಅರ್ಜಿ ಬಂದ 45 ದಿನದೊಳಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಸಭೆ ಮುಗಿಸಬೇಕು. ಅದರಲ್ಲಿ ಕನಿಷ್ಠ 30 ದಿನ ಜನರಿಗೆ ಕೊಡುವ ನೋಟಿಸ್ ಅವಧಿ. ಸಭೆಯಾಗಿ ಅಂತಿಮ ವರದಿ ಸಲ್ಲಿಕೆಯಾದ ಮೇಲೆ ತಜ್ಞರ ಸಮಿತಿಗೆ 60 ದಿನ, ಸರ್ಕಾರದ ತೀರ್ಮಾನಕ್ಕೆ 45 ದಿನ. ಈ ಅಧಿಸೂಚನೆಯ ಬದಲಿಗೆ ತರಲೆಂದು ಹೊರಡಿಸಿದ 2020ರ ಕರಡು, ನೋಟಿಸ್ ಅವಧಿಯನ್ನು 20 ದಿನಕ್ಕೆ ಇಳಿಸಲು ಹೊರಟಿತ್ತು. ಅದರಿಂದ ಉಳಿತಾಯವಾಗುತ್ತಿದ್ದುದು ಹತ್ತೇ ದಿನ. ಇಐಎ ವರದಿಯೇ ಬೇಡದ ಬಿ2 ವರ್ಗದ ಯೋಜನೆಗಳಿಗೂ ಕಟ್ಟಡ ನಿರ್ಮಾಣಕ್ಕೂ ಅಹವಾಲು ಸಭೆಯೇ ಇಲ್ಲ. ಅಲ್ಲಿ ತಡವಾದರೆ ಯಾರನ್ನು ದೂರುವುದು?

ಆ 30 ದಿನದಲ್ಲಿ ಊರಿನವರು ಏನು ಮಾಡಬೇಕೆಂದು ನೋಡಿ. ಕನ್ನಡದಲ್ಲಿ ಸಿಗುವುದು ಇಐಎ ವರದಿಯ ಸಾರಾಂಶ ಮಾತ್ರ. ಪೂರ್ಣ ವರದಿ ಇಂಗ್ಲಿಷಿನಲ್ಲಿ, ಜಿಲ್ಲಾಧಿಕಾರಿ ಕಚೇರಿಯಲ್ಲೋ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೋ ಇರುತ್ತದೆ. ಅದನ್ನು ಬರೆಯುವ ಸಲಹಾ ಸಂಸ್ಥೆಗೆ ಹಣ ಕೊಡುವವರು ಯೋಜನೆಯವರೇ. ಹೆಚ್ಚಿನ ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು. ಮಲೆನಾಡಿನಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ನೀರು ಅಳೆದರೆ, ಜೂನ್‌ನಲ್ಲಿ ತುಂಬಿ ಹರಿದು ತೋಟ ಮುಳುಗಿಸುವ ಹಳ್ಳ ವರದಿಯಲ್ಲಿ ಒಣ ತಗ್ಗಾಗಿಬಿಡುತ್ತದೆ. ಅದನ್ನು ಹೇಳಬಲ್ಲವರು ಅಲ್ಲಿ ಬದುಕುವವರು. ಹೇಳಲು ಅವರಿಗಿರುವ ಕಟ್ಟೆ ಈ ಸಭೆಯೊಂದೇ.

ದೊಡ್ಡ ಕೊರತೆ ಬೇರೆಡೆ ಇದೆ. ಇಡೀ ವ್ಯವಸ್ಥೆ ನಿಂತಿರುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಹೊರಡಿಸಿದ ಒಂದು ಅಧಿಸೂಚನೆಯ ಮೇಲೆ. ಸಂಸತ್ತಿನಲ್ಲಿ ಚರ್ಚೆಯೇ ಇಲ್ಲದೆ ಕೇಂದ್ರ ಪರಿಸರ ಸಚಿವಾಲಯ ಅದನ್ನು ತಿದ್ದಬಹುದು, ತಿದ್ದುತ್ತಲೇ ಬಂದಿದೆ. 2020ರ ಮಾರ್ಚ್ 28ರಂದು, ದೇಶವೆಲ್ಲ ಲಾಕ್‌ಡೌನ್‌ನಲ್ಲಿದ್ದಾಗ, ರಸ್ತೆ ಮತ್ತು ಪೈಪ್‌ಲೈನ್‌ಗಳಿಗೆ ಮಣ್ಣು ಅಗೆಯಲು ಪರಿಸರ ಅನುಮತಿ ಬೇಡವೆಂದಿತು. ಆಕ್ಷೇಪಣೆಗೆ ನಿಯಮದಂತೆ 60 ದಿನ ಕೊಡಬೇಕಿತ್ತು, ಕೊಡಲಿಲ್ಲ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನು ರದ್ದು ಮಾಡಿತು. ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. 2020ರ ಇಐಎ ಕರಡು ಎಲ್ಲ ಭಾಷೆಗಳಲ್ಲೂ ಸಿಗದಿದ್ದುದಕ್ಕೆ ನಮ್ಮ ಹೈಕೋರ್ಟ್ ಆ ವರ್ಷದ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ಕೊಡಬೇಕಾಯಿತು.

ಆದ್ದರಿಂದ ನಮಗೆ ಬೇಕಿರುವುದು ಸಂಸತ್ತು ಅಂಗೀಕರಿಸಿದ ಪ್ರತ್ಯೇಕ ಕಾಯ್ದೆ. ಪೂರ್ಣ ವರದಿ ಆಯಾ ರಾಜ್ಯದ ಭಾಷೆಯಲ್ಲಿರಬೇಕು, ಮಳೆಗಾಲದ ಅಳತೆ ಕಡ್ಡಾಯವಾಗಬೇಕು, ಸಲಹಾ ಸಂಸ್ಥೆಯನ್ನು ಸ್ವತಂತ್ರ ಪ್ರಾಧಿಕಾರ ನೇಮಿಸಬೇಕು. ಸಂಬಳ ಕೊಡುವವರ ಕೈ ಬದಲಾಗದೆ ವರದಿಯ ದನಿ ಬದಲಾಗದು.

ನಿಮ್ಮ ತಾಲ್ಲೂಕಿನಲ್ಲೂ ಸಭೆ ನಡೆಯಲಿದೆ ಎಂದು ಬರೆದಿದ್ದೀರಿ. ಬಾಯಿಮಾತಿಗೆ ನಿಲ್ಲದೆ ಆಕ್ಷೇಪಣೆಯನ್ನು ಲಿಖಿತವಾಗಿ ಮಂಡಳಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ವರದಿಯ ಪುಟಸಂಖ್ಯೆ, ನಿಮ್ಮ ಸರ್ವೆ ನಂಬರ್ ಎರಡನ್ನೂ ನಮೂದಿಸಿ. ಸಭೆಗೆ ಕೋರಂ ಇಲ್ಲ. ನೀವು ಹೋಗದಿದ್ದರೂ ಅದು ನಡೆದುಹೋಗುತ್ತದೆ. ಕೊನೆಯಲ್ಲಿ ಜನರ ಅಭಿಪ್ರಾಯ, ಆಕ್ಷೇಪಗಳೆಲ್ಲ ಇರುವ ಸಭೆಯ ಸಾರಾಂಶವನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ. ಓದುವವರೆಗೂ ಜಾಗ ಬಿಟ್ಟು ಏಳಬೇಡಿ. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಲು ಹೇಳಿ. ಅನುಮತಿ ಸಿಕ್ಕಿಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನ ಇರುತ್ತದೆ. ತಕ್ಕ ಕಾರಣವಿದ್ದರೆ ಮತ್ತೆ 60 ದಿನ, ಅದರಾಚೆಗೆ ಇಲ್ಲ.

– ಸಂ.