‘ವಯಸ್ಸು ಮತ್ತು ಹೃದಯದ ಮಾತ್ರೆಗಳು’ ಲೇಖನ ಕಳಿಸಿದವರಿಗೆ

ನಮಸ್ಕಾರ. ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ನೋಡುತ್ತೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ವಯಸ್ಸಾದರೆ ಮೈ ಸೋಲುತ್ತದೆ ಅನ್ನುವುದು ಯಾರಿಗೆ ಗೊತ್ತಿಲ್ಲ? ಲೇಖನ ಶುರುವಾಗುವುದೇ ಮೂರನೇ ಪುಟದಲ್ಲಿ, ಕಿಡ್ನಿಯ ಮಾತು ಬಂದಾಗ. ಅದನ್ನೂ ‘ಕಿಡ್ನಿಯ ಶಕ್ತಿ ಕುಂದುತ್ತದೆ’ ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಲೆಕ್ಕ ತೋರಿಸಿ. 60 ಕೆಜಿ ತೂಕದ ಇಬ್ಬರು ಗಂಡಸರು, ಒಬ್ಬರಿಗೆ 30 ವರ್ಷ, ಇನ್ನೊಬ್ಬರಿಗೆ 80. ಇಬ್ಬರದೂ ಕ್ರಿಯಾಟಿನಿನ್ (ಮಾಂಸಖಂಡದಲ್ಲಿ ಹುಟ್ಟಿ ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ) 1.0, ಇಬ್ಬರ ರಿಪೋರ್ಟೂ ನಾರ್ಮಲ್. ಆದರೆ ವಯಸ್ಸು, ತೂಕ, ಕ್ರಿಯಾಟಿನಿನ್ ಮೂರನ್ನೂ ಸೇರಿಸಿ ಲೆಕ್ಕ ಹಾಕುವ 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರಕ್ಕೆ ಹಾಕಿ ನೋಡಿ. ಕಿಡ್ನಿ ಸೋಸುವ ವೇಗ ಕಿರಿಯರಿಗೆ ನಿಮಿಷಕ್ಕೆ ಸುಮಾರು 92 ಮಿಲಿ, ಹಿರಿಯರಿಗೆ 50. ಮಾಂಸಖಂಡ ಕರಗಿದವರಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ರಿಪೋರ್ಟ್ ಚೆನ್ನಾಗಿ ಕಾಣುವುದು ಅದಕ್ಕೇ.

ಇದರ ಬೆನ್ನಿಗೇ ಹೃದಯದ ಮಾತ್ರೆ ಡಿಗಾಕ್ಸಿನ್ ತನ್ನಿ. ಅದು ಹೊರಹೋಗುವುದು ಹೆಚ್ಚಾಗಿ ಕಿಡ್ನಿಯ ಮೂಲಕ. ಅಲ್ಲಿ ತಡವಾದರೆ ಹಳೇ ಡೋಸೇ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಊಟ ಸೇರುವುದಿಲ್ಲ, ವಾಕರಿಕೆ, ಮಾತಿನಲ್ಲಿ ಗೊಂದಲ, ಕೆಲವರಿಗೆ ಕಂಡದ್ದೆಲ್ಲ ಹಳದಿ. ಮನೆಯವರು ‘ವಯಸ್ಸಾಯ್ತು ಅಲ್ವಾ’ ಎಂದು ಸುಮ್ನೆ ಇದ್ದುಬಿಡುತ್ತಾರೆ. ನೀರು ಇಳಿಸುವ ಮಾತ್ರೆಯಿಂದ ಪೊಟ್ಯಾಸಿಯಂ ಕಡಿಮೆಯಾಗಿದ್ದರಂತೂ ಅಪಾಯ ಇನ್ನೂ ಜಾಸ್ತಿ. ಓದುಗರು ಮನೆಯಲ್ಲಿ ಗಮನಿಸಬಹುದಾದ ಸಂಗತಿ ಇದು. ನಿಮ್ಮಲ್ಲಿ ಇದರ ಸುದ್ದಿಯೇ ಇಲ್ಲ!

‘ವಯಸ್ಸಾದವರಿಗೆ ಎಲ್ಲ ಔಷಧವೂ ಜೋರಾಗಿ ತಾಗುತ್ತದೆ’ ಎಂದಿದ್ದೀರಿ. ಹಾಗೇನಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ವಿಷಯದಲ್ಲಿ ಸರಿ, ಹಿರಿಯರಿಗೆ ಸಾಮಾನ್ಯವಾಗಿ ಕಡಿಮೆ ಡೋಸ್ ಸಾಕು. ಹೃದಯದ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಗುಂಪಿನ ಪ್ರೊಪ್ರನೊಲಾಲ್ ಕಥೆ ಬೇರೆ. ಲಿವರ್‌ಗೆ ಹರಿಯುವ ರಕ್ತ ಕಡಿಮೆಯಾಗುವುದರಿಂದ ಅದು ರಕ್ತದಲ್ಲಿ ಜಾಸ್ತಿ ಉಳಿಯುತ್ತದೆ. ಆದರೆ ಹೃದಯದಲ್ಲಿ ಆ ಔಷಧ ಹೋಗಿ ತಾಗುವ ಬೀಟಾ ರಿಸೆಪ್ಟರ್‌ಗಳು ಮೊದಲಿನಷ್ಟು ಸ್ಪಂದಿಸುವುದಿಲ್ಲ. ಒಂದು ಕಡೆ ಏರಿದ್ದು ಇನ್ನೊಂದು ಕಡೆ ಇಳಿಯುತ್ತದೆ. ಈ ಎಳೆದಾಟ ಬರೆಯದೆ ಹೋದರೆ ಲೇಖನ ಸಪ್ಪೆ.

ಎದ್ದು ನಿಂತಾಗ ಬಿಪಿ ಕುಸಿಯುವ ಭಾಗ ಚೆನ್ನಾಗಿದೆ. ಮುಟ್ಟಬೇಡಿ. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೆ ವೈದ್ಯರಿಗೆ ಹೇಳಬೇಕು ಅನ್ನುವುದನ್ನು ಮಾತ್ರ ಸೇರಿಸಿ.

ಇನ್ನು ಕೊನೆಯ ಸಾಲು: ‘ಅರವತ್ತು ದಾಟಿದ ಮೇಲೆ ಮಾತ್ರೆ ಅರ್ಧ ಮಾಡಿ ನುಂಗುವುದು ಕ್ಷೇಮ.’ ಇದೊಂದೇ ಸಾಲಿಗೆ ಲೇಖನ ವಾಪಸ್ ಕಳಿಸಬಹುದಿತ್ತು. ಬೀಟಾ ಬ್ಲಾಕರ್ ಥಟ್ಟನೆ ನಿಲ್ಲಿಸಿದರೆ ಹೃದಯಾಘಾತವೂ ಆಗಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಅರ್ಧ ಮಾಡಿದರೆ ಪಾರ್ಶ್ವವಾಯು ಬಡಿಯಬಹುದು. ಡೋಸ್ ತೀರ್ಮಾನ ವೈದ್ಯರದು, ನಮ್ಮದಲ್ಲ. ಆ ಸಾಲು ಹೊಡೆದುಹಾಕಿ, ಕಿಡ್ನಿ ಮತ್ತು ಡಿಗಾಕ್ಸಿನ್‌ನಿಂದಲೇ ಶುರುಮಾಡಿ, ಅರ್ಧದಷ್ಟು ಉದ್ದದಲ್ಲಿ ಬರೆದು ಕಳಿಸಿ.